ಕರಗುವಾಗ ಕಾಡಿದ ಸುಣ್ಣ: ಭುಜದ ಕ್ಯಾಲ್ಸಿಫಿಕ್ ಟೆಂಡಿನೈಟಿಸ್‌ನ ಒಂದು ಪ್ರಕರಣ

ಸ್ನಾಯುವನ್ನು ಮೂಳೆಗೆ ಕಟ್ಟುವ ಹುರಿಯೇ ಸ್ನಾಯುರಜ್ಜು. ಅದರೊಳಗೆ ಸುಣ್ಣ, ಅಂದರೆ ಕ್ಯಾಲ್ಸಿಯಂ, ಕೂಡಿಕೊಳ್ಳುವ ಕಾಯಿಲೆ ಕ್ಯಾಲ್ಸಿಫಿಕ್ ಟೆಂಡಿನೈಟಿಸ್. ರೋಗಿಯ ಒಪ್ಪಿಗೆ ಪಡೆದೇ ಇದನ್ನು ಬರೆದಿದೆ. ಗುರುತು ಹತ್ತಬಹುದಾದ ವಿವರಗಳನ್ನು ಬದಲಿಸಿದೆ. ಕಾಯಿಲೆಯ ನಡೆ ಮತ್ತು ಪ್ರತಿ ಹಂತದಲ್ಲಿ ಏಕೆ ಹಾಗೆ ನಿರ್ಧರಿಸಿದೆವು ಎಂಬುದನ್ನು ಮಾತ್ರ ಇದ್ದಂತೆ ಉಳಿಸಿಕೊಂಡಿದೆ.

ಹಿನ್ನೆಲೆ

ರೋಗಿ ನಲವತ್ತೇಳು ವರ್ಷದ ಮಹಿಳೆ. ಕಚೇರಿಯಲ್ಲಿ ಲೆಕ್ಕಪತ್ರದ ಕೆಲಸ. ಆರು ವರ್ಷಗಳಿಂದ ಸಕ್ಕರೆ ಕಾಯಿಲೆಯಿದ್ದು ಮಾತ್ರೆಯಲ್ಲೇ ಹತೋಟಿಯಲ್ಲಿತ್ತು. ಕೊನೆಯ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಪರೀಕ್ಷೆ) 7.6. ಎಡ ಭುಜದಲ್ಲಿ ಒಂದೂವರೆ ವರ್ಷದಿಂದ ಆಗೊಮ್ಮೆ ಈಗೊಮ್ಮೆ ನೋವು ಬರುತ್ತಿತ್ತು. ಮೇಲಿನ ಕಪಾಟಿಗೆ ಕೈ ಚಾಚಿದಾಗ ಚುಳುಕ್ ಎನ್ನುವುದು, ಆ ಮಗ್ಗುಲಿಗೆ ಮಲಗಿದರೆ ಎಚ್ಚರವಾಗುವುದು, ಇಷ್ಟೇ. ಅದಕ್ಕಾಗಿ ಯಾರ ಬಳಿಯೂ ಹೋಗಿರಲಿಲ್ಲ. ಬಿದ್ದದ್ದಿಲ್ಲ, ಭಾರ ಎತ್ತಿದ್ದಿಲ್ಲ.

ಒಂದು ರಾತ್ರಿ ಅದೇ ಭುಜ ನಿದ್ದೆಯಿಂದ ಎಬ್ಬಿಸಿತು. ಕೈಯನ್ನು ಮೈಗೆ ಒತ್ತಿ ಹಿಡಿದು ಕೂತಲ್ಲೇ ಬೆಳಗು ಮಾಡಿದರು. ಎರಡು ಹೆರಿಗೆಗಳಲ್ಲೂ ಇಂಥ ನೋವು ಕಂಡಿರಲಿಲ್ಲ ಎಂದು ಆಮೇಲೆ ಹೇಳಿದರು. ತುರ್ತು ವಿಭಾಗದವರು ಮೊದಲು ಮಾಡಿದ್ದು ಇಸಿಜಿ. ಅದು ಸರಿಯಾದ ಕ್ರಮವೇ: ಸಕ್ಕರೆ ಕಾಯಿಲೆ ಇರುವವರಿಗೆ ಎಡ ಭುಜ ಏಕಾಏಕಿ ನೋಯತೊಡಗಿದರೆ ಮೊದಲು ಹೃದಯವನ್ನು ನೋಡಿಕೊಳ್ಳಬೇಕು. ಇಸಿಜಿ ಮತ್ತು ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ತೋರಿಸುವ ಟ್ರೋಪೋನಿನ್ ರಕ್ತಪರೀಕ್ಷೆ ಎರಡೂ ಸಹಜವಾಗಿದ್ದವು. ನೋವಿನ ಇಂಜೆಕ್ಷನ್ ಕೊಟ್ಟು, ಕೈಗೆ ಸ್ಲಿಂಗ್ ಹಾಕಿ ಮನೆಗೆ ಕಳಿಸಿದರು.

ಇಂಜೆಕ್ಷನ್ನಿನ ಪ್ರಭಾವ ಇಳಿದ ಮೇಲೆ ನೋವು ಮತ್ತೆ ಅಷ್ಟೇ ಆಯಿತು. ಬೇರೊಂದು ಕಡೆ ಎಂಆರ್‌ಐ ಮಾಡಿಸಿದರು. ಅದರ ವರದಿಯಲ್ಲಿ ಮೂರು ಸಾಲುಗಳಿದ್ದವು: ಸುಪ್ರಾಸ್ಪೈನೇಟಸ್ (ಕೈಯನ್ನು ಪಕ್ಕಕ್ಕೆ ಎತ್ತುವ ಸ್ನಾಯು) ಸ್ನಾಯುರಜ್ಜು ಭಾಗಶಃ ಹರಿದಿರಬಹುದು, ಸುತ್ತಮುತ್ತ ವಿಪರೀತ ನೀರಿನಂಶ ಕಾಣುತ್ತಿದೆ, ಸೋಂಕಿನ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ. ನಾಲ್ಕನೇ ದಿನ ದಂಪತಿ ನಮ್ಮಲ್ಲಿಗೆ ಬಂದದ್ದು ಈ ವರದಿ ಹಿಡಿದು. ಗಂಡ ಕೂರುವ ಮೊದಲೇ ಶುರು ಮಾಡಿದರು: “ಡಾಕ್ಟ್ರೇ, ಹರಿದಿದೆ ಅಂತಾರೆ, ಕೀವು ಇದ್ರೂ ಇರಬಹುದು ಅಂತಾರೆ. ಆಪರೇಷನ್ ಬೇಕಂದ್ರೆ ನಾಳೆನೇ ಮಾಡ್ಬಿಡಿ. ಇವಳ ಸಂಕಟ ನೋಡೋಕಾಗ್ತಿಲ್ಲ.”

ಸಮಸ್ಯೆ

ಭುಜದ ಮುಂಭಾಗಕ್ಕೆ ಬೆರಳು ಸೋಕಿದರೂ ಅವರು ಚೀರುತ್ತಿದ್ದರು. ಚರ್ಮ ಕೆಂಪಾಗಿರಲಿಲ್ಲ, ಮುಟ್ಟಿದರೆ ತುಸು ಬೆಚ್ಚಗಿತ್ತು. ಕೈಯನ್ನು ಪಕ್ಕಕ್ಕೆ ಮೂವತ್ತು ಡಿಗ್ರಿಗಿಂತ ಮೇಲೆತ್ತಲು ಆಗುತ್ತಿರಲಿಲ್ಲ. ಆದರೆ ಮೊಣಕೈಯನ್ನು ಪಕ್ಕೆಗೆ ಆನಿಸಿಟ್ಟು ಮುಂಗೈಯನ್ನು ನಿಧಾನವಾಗಿ ಹೊರಕ್ಕೆ ತಿರುಗಿಸಿದಾಗ ಸಾಕಷ್ಟು ದೂರ ಬಂತು. ಈ ಸಣ್ಣ ಸಂಗತಿಗೆ ನಾವು ತುಂಬ ಬೆಲೆ ಕೊಟ್ಟೆವು. ಕೀಲಿನೊಳಗೆ ಕೀವು ತುಂಬಿದ್ದರೆ ಅಷ್ಟು ಚಲನೆಯನ್ನೂ ರೋಗಿ ಸಹಿಸುವುದು ಅಪರೂಪ. ಜ್ವರ 99.4 ಡಿಗ್ರಿ ಫ್ಯಾರನ್‌ಹೀಟ್, ಬಿಳಿ ರಕ್ತಕಣಗಳ ಎಣಿಕೆ ಸಹಜ, ಉರಿಯೂತ ತೋರಿಸುವ ಸಿಆರ್‌ಪಿ ರಕ್ತಪರೀಕ್ಷೆ ಮಾತ್ರ ಸ್ವಲ್ಪ ಏರಿತ್ತು.

ಇದನ್ನು ಸುಲಭದಲ್ಲಿ ಬಿಡುವಂತಿರಲಿಲ್ಲ. ಸಕ್ಕರೆ ಕಾಯಿಲೆ ಇರುವವರಲ್ಲಿ ಕೀಲಿನ ಸೋಂಕು ಹೀಗೇ ಮೆಲ್ಲನೆ ಶುರುವಾಗಬಹುದು. ಅದನ್ನು ಗಮನಿಸದೆ ಸ್ಟೀರಾಯ್ಡ್ ಚುಚ್ಚಿದರೆ ದೊಡ್ಡ ಅನಾಹುತ. ಇನ್ನೊಂದು ಕಡೆ, ಸೋಂಕಿಲ್ಲದವರ ಕೀಲನ್ನು ತೆರೆದು ತೊಳೆಯುವುದೂ ಸಣ್ಣ ಅನಾಹುತವಲ್ಲ. ಎಂಆರ್‌ಐ ಈ ಎರಡರ ನಡುವೆ ದಾರಿ ತೋರಿಸುವ ಬದಲು ಇನ್ನಷ್ಟು ಗೊಂದಲ ಹುಟ್ಟಿಸಿತ್ತು.

ಅವರ ಕಡತದಲ್ಲಿ ಇಲ್ಲದಿದ್ದ ಒಂದೇ ಒಂದು ಕಾಗದವೆಂದರೆ ಭುಜದ ಸಾದಾ ಎಕ್ಸ್‌ರೇ. ಯಾರೂ ತೆಗೆಸಿರಲಿಲ್ಲ.

ತಿರುವು: ಎರಡು ಎಕ್ಸ್‌ರೇಗಳು

ಹೊಸ ಎಕ್ಸ್‌ರೇಯಲ್ಲಿ ಭುಜದ ಮೂಳೆಯ ಹೊರಗುಬ್ಬಿನ ಮೇಲೆ, ಸುಪ್ರಾಸ್ಪೈನೇಟಸ್ ಅಂಟಿಕೊಳ್ಳುವ ಜಾಗಕ್ಕೆ ತುಸು ಒಳಗೆ, ಮಸುಕಾದ ಬಿಳಿ ಛಾಯೆ ಇತ್ತು. ಅಂಚು ಸ್ಪಷ್ಟವಿಲ್ಲ, ಒಂದು ತುದಿ ಹೊರಗಿನ ಬರ್ಸಾದ (ಸ್ನಾಯುರಜ್ಜು ಉಜ್ಜದಂತೆ ಕಾಯುವ ತೆಳು ಚೀಲ) ಕಡೆಗೆ ಎಳೆದಂತೆ ಹರಡಿತ್ತು. ಉದ್ದ ಹೆಚ್ಚುಕಡಿಮೆ ಹನ್ನೊಂದು ಮಿಲಿಮೀಟರ್. ಸ್ನಾಯುರಜ್ಜುವಿನೊಳಗೆ ಹೈಡ್ರಾಕ್ಸಿ ಅಪಟೈಟ್ ಎಂಬ ಕ್ಯಾಲ್ಸಿಯಂ ಲವಣ ಶೇಖರಣೆಯಾಗಿತ್ತು. ಎಂಆರ್‌ಐ ಅದನ್ನು ಹಿಡಿಯದಿದ್ದುದರಲ್ಲಿ ಆಶ್ಚರ್ಯವಿಲ್ಲ. ಆ ಚಿತ್ರಗಳಲ್ಲಿ ಕ್ಯಾಲ್ಸಿಯಂ ಕಪ್ಪಾಗಿ ಕಾಣುತ್ತದೆ, ಆರೋಗ್ಯವಾಗಿರುವ ಸ್ನಾಯುರಜ್ಜುವೂ ಕಪ್ಪೇ. ಎದ್ದು ಕಾಣುವುದು ಸುತ್ತಲಿನ ಉರಿಯೂತ ಮಾತ್ರ. ಎಕ್ಸ್‌ರೇ ಪಕ್ಕದಲ್ಲಿಲ್ಲದೆ ಆ ಉರಿಯೂತವನ್ನು ಓದಿದರೆ ಸ್ನಾಯುರಜ್ಜು ಹರಿದಿದೆ, ಸೋಂಕಾಗಿದೆ ಎಂಬ ಅನುಮಾನ, ಕೆಲವೊಮ್ಮೆ ಗೆಡ್ಡೆಯ ಅನುಮಾನ ಕೂಡ ಬಂದೀತು.

ಆದರೂ ಒಂದು ಪ್ರಶ್ನೆ ಉಳಿದಿತ್ತು. ಭುಜದಲ್ಲಿ ಕ್ಯಾಲ್ಸಿಯಂ ಕಂಡಿತು ಎಂದಮಾತ್ರಕ್ಕೆ ನೋವಿಗೆ ಅದೇ ಕಾರಣ ಎನ್ನುವಂತಿಲ್ಲ. 1941ರಲ್ಲಿ ಬಾಸ್‌ವರ್ತ್ ಎಂಬ ಅಮೆರಿಕದ ವೈದ್ಯ ಆರು ಸಾವಿರಕ್ಕೂ ಹೆಚ್ಚು ಕಚೇರಿ ನೌಕರರ ಭುಜಗಳನ್ನು ಪರೀಕ್ಷಿಸಿ, ಶೇಕಡಾ 2.7 ಮಂದಿಯಲ್ಲಿ ಇಂಥ ಶೇಖರಣೆ ಕಂಡ. ಅವರಲ್ಲಿ ಬಹಳ ಜನಕ್ಕೆ ಯಾವ ತೊಂದರೆಯೂ ಇರಲಿಲ್ಲ. ಹಾಗಾಗಿ ಈ ಶೇಖರಣೆ ಹಿಂದೆ ಹೇಗಿತ್ತು, ಈಗ ಬದಲಾಗುತ್ತಿದೆಯೇ ಎಂಬುದು ನಮಗೆ ಗೊತ್ತಾಗಬೇಕಿತ್ತು.

ಹಳೆಯ ಎಕ್ಸ್‌ರೇ ಯಾವುದಾದರೂ ಇದೆಯೇ ಎಂದು ಕೇಳಿದೆವು. ಭುಜದ್ದು ಇಲ್ಲ ಎಂದರು. ಎರಡು ವರ್ಷದ ಹಿಂದೆ ಒಂದು ಸಣ್ಣ ಶಸ್ತ್ರಚಿಕಿತ್ಸೆಗೆ ಮುಂಚೆ ಎದೆಯ ಎಕ್ಸ್‌ರೇ ತೆಗೆಸಿದ್ದರಂತೆ. ಮಗಳು ಮನೆಯಿಂದ ಅದರ ಫೋಟೊ ತೆಗೆದು ಕಳಿಸಿದಳು, ಮರುದಿನ ಫಿಲ್ಮನ್ನೇ ತಂದರು. ಎದೆಯ ಎಕ್ಸ್‌ರೇಯ ಮೇಲಿನ ಮೂಲೆಗಳಲ್ಲಿ ಭುಜಗಳೂ ಬಿದ್ದಿರುತ್ತವೆ, ಅವನ್ನು ಯಾರೂ ನೋಡುವುದಿಲ್ಲ. ಅಲ್ಲಿ ಎಡ ಭುಜದಲ್ಲಿ ಗಟ್ಟಿಯಾದ, ಅಂಚು ಸ್ಫುಟವಾಗಿದ್ದ ಬಿಳಿ ತುಣುಕು ಕಂಡಿತು. ಬಲ ಭುಜದಲ್ಲೂ ಅಂಥದೇ ಇನ್ನೊಂದಿತ್ತು. ಅದರ ವಿಚಾರ ಆಮೇಲೆ.

ಅಂದರೆ ಎರಡು ವರ್ಷ ಗಟ್ಟಿಯಾಗಿ ಕೂತಿದ್ದ ಶೇಖರಣೆ ಈಗ ಕರಗತೊಡಗಿತ್ತು. ಈ ಕಾಯಿಲೆಯ ಹಂತಗಳನ್ನು ವಿಂಗಡಿಸಿ ವಿವರಿಸಿದವರು ಕೆನಡಾದ ಹ್ಯಾನ್ಸ್ ಉಹ್‌ಥಾಫ್. ಅವರ ವಿವರಣೆಯ ಪ್ರಕಾರ, ಮೊದಲು ಸ್ನಾಯುರಜ್ಜುವಿನ ಒಂದು ಭಾಗ ಮೃದ್ವಸ್ಥಿಯ ಗುಣ ಪಡೆಯುತ್ತದೆ. ಅಲ್ಲಿನ ಜೀವಕೋಶಗಳೇ ಕ್ಯಾಲ್ಸಿಯಂ ಹರಳುಗಳನ್ನು ಕೂಡಿಡುತ್ತವೆ. ಆಮೇಲೆ ತಿಂಗಳುಗಟ್ಟಲೆ, ವರ್ಷಗಟ್ಟಲೆ ಅದು ಸುಮ್ಮನಿರಬಹುದು. ಕೊನೆಗೊಂದು ದಿನ, ಏಕೆಂದು ಪೂರ್ತಿ ಬಿಡಿಸಿ ಹೇಳಲಾಗದ ಕಾರಣಕ್ಕೆ, ಸುತ್ತ ಹೊಸ ರಕ್ತನಾಳಗಳು ಹುಟ್ಟಿ, ಕಬಳಿಸುವ ಜೀವಕೋಶಗಳು ಬಂದು, ದೇಹ ಅದನ್ನು ಕರಗಿಸಿ ಒಯ್ಯುತ್ತದೆ. ಕೂಡುವ ಹಂತದಲ್ಲಿ ಸೀಮೆಸುಣ್ಣದಂತೆ ಗಟ್ಟಿಯಾಗಿದ್ದದ್ದು ಕರಗುವ ಹಂತದಲ್ಲಿ ಟೂತ್‌ಪೇಸ್ಟಿನಷ್ಟು ಮೆತ್ತಗಾಗಿರುತ್ತದೆ. ಸ್ನಾಯುರಜ್ಜುವಿನೊಳಗೆ ಒತ್ತಡ ಏರುತ್ತದೆ, ಹರಳುಗಳು ಪಕ್ಕದ ಬರ್ಸಾಕ್ಕೆ ಸೋರುತ್ತವೆ, ಅಲ್ಲಿ ಉರಿಯೂತ ಭುಗಿಲೇಳುತ್ತದೆ. ರೋಗಿ ಜೀವನದಲ್ಲೇ ಕಂಡಿರದ ನೋವು ಅನುಭವಿಸುವುದು ಆಗಲೇ, ಕಾಯಿಲೆ ಹೊರಟು ನಿಂತಾಗ.

ಅಲ್ಟ್ರಾಸೌಂಡ್ ಮಾಡಿದೆವು. ಗಟ್ಟಿ ಕ್ಯಾಲ್ಸಿಯಂ ಇದ್ದರೆ ಅದರ ಹಿಂದೆ ಕಪ್ಪು ನೆರಳು ಬೀಳುತ್ತದೆ. ಇಲ್ಲಿ ಆ ನೆರಳಿರಲಿಲ್ಲ. ಸುತ್ತ ರಕ್ತಸಂಚಾರ ಹೆಚ್ಚಿತ್ತು, ಬರ್ಸಾ ದಪ್ಪಗಾಗಿತ್ತು. ಕೀಲಿನೊಳಗೆ ಮಾತ್ರ ನೀರು ತುಂಬಿರಲಿಲ್ಲ. ಸ್ನಾಯುರಜ್ಜು ಹರಿದಿರಲಿಲ್ಲ. ಕೀಲಿಗೆ ಸೂಜಿ ಹಾಕಿ ದ್ರವ ತೆಗೆಯುವ ಯೋಚನೆಯನ್ನು ಇಲ್ಲಿಗೇ ಬಿಟ್ಟೆವು: ತೆಗೆಯಲು ದ್ರವವೇ ಇರಲಿಲ್ಲ.

ಯಾವುದನ್ನು ಮಾಡಲಿಲ್ಲ, ಏಕೆ

ಗಂಡನ ಪ್ರಶ್ನೆ ನೇರವಾಗಿತ್ತು: “ಸುಣ್ಣ ಅಲ್ಲೇ ಇದೆ ಅಂತೀರಿ, ಮತ್ತೆ ತೆಗೆದುಹಾಕೋದು ಬಿಟ್ಟು ಏನು ಯೋಚನೆ?”

ಕೀಹೋಲ್ ಶಸ್ತ್ರಚಿಕಿತ್ಸೆಯ ಮಾತು ಬೇಗ ಮುಗಿಯಿತು. ತಿಂಗಳುಗಟ್ಟಲೆ ಉಳಿದ ಚಿಕಿತ್ಸೆಗಳೆಲ್ಲ ಸೋತವರಿಗೆ ಅದು. ತಾನಾಗಿ ಕರಗುತ್ತಿರುವುದನ್ನು ಕತ್ತರಿಸಲು ಹೋಗುವುದರಲ್ಲಿ ಅರ್ಥವಿಲ್ಲ. ಹೊರಗಿನಿಂದ ಒತ್ತಡದ ಅಲೆಗಳನ್ನು ಹಾಯಿಸುವ ಶಾಕ್‌ವೇವ್ ಯಂತ್ರ ಬಳಸುವ ಸಲಹೆಯೂ ಅವರಿಗೆ ಬೇರೆ ಕಡೆ ಸಿಕ್ಕಿತ್ತು. ಹಳೆಯ, ಗಟ್ಟಿ ಶೇಖರಣೆಯಿಂದ ತಿಂಗಳುಗಟ್ಟಲೆ ನರಳುವವರಿಗೆ ಅದರಿಂದ ಉಪಯೋಗವಿದೆ. 2003ರಲ್ಲಿ ಪ್ರಕಟವಾದ ಒಂದು ಒಳ್ಳೆಯ ಅಧ್ಯಯನದಲ್ಲಿ ಹೆಚ್ಚು ಶಕ್ತಿಯ ಅಲೆಗಳು ಹುಸಿ ಚಿಕಿತ್ಸೆಗಿಂತಲೂ ಕಡಿಮೆ ಶಕ್ತಿಯ ಅಲೆಗಳಿಗಿಂತಲೂ ಮೇಲು ಎಂದು ಕಂಡುಬಂದಿತ್ತು. ಆದರೆ ಬೆರಳು ತಾಗಿದರೆ ಚೀರುವ ಭುಜಕ್ಕೆ ಆ ಯಂತ್ರ ಒತ್ತುವುದು ಹಿಂಸೆಯೇ ಸರಿ.

ನಿಜವಾದ ಚರ್ಚೆ ನಡೆದದ್ದು ಸೂಜಿಯಿಂದ ತೊಳೆಯುವ ಬಗ್ಗೆ. ಅಲ್ಟ್ರಾಸೌಂಡ್ ನೋಡಿಕೊಂಡು ದಪ್ಪ ಸೂಜಿಯನ್ನು ಶೇಖರಣೆಯೊಳಕ್ಕೆ ಇಳಿಸಿ, ಸಲೈನ್ ನೀರು ಒತ್ತಿ, ಹಾಲಿನಂತೆ ಬರುವ ಕ್ಯಾಲ್ಸಿಯಂ ಅನ್ನು ಹೊರಕ್ಕೆ ಎಳೆಯುವ ವಿಧಾನ ಇದು, ಬಾರ್ಬೊಟಾಜ್ ಎನ್ನುತ್ತಾರೆ. ಮೆತ್ತಗಿರುವ ಹಂತದಲ್ಲಿ ಸುಲಭವಾಗಿ ಬರುತ್ತದೆ, ಒತ್ತಡವೂ ಇಳಿಯುತ್ತದೆ. ನಮ್ಮ ತಂಡದ ಒಬ್ಬರು ಅದರ ಪರವಾಗಿದ್ದರು, ಅವರ ವಾದ ಹುಸಿಯಾಗಿರಲಿಲ್ಲ. ಎದುರು ವಾದ ಇಷ್ಟು: 2023ರಲ್ಲಿ ನಾರ್ವೆ ಮತ್ತು ಸ್ವೀಡನ್ನಿನ ಆಸ್ಪತ್ರೆಗಳಲ್ಲಿ 220 ರೋಗಿಗಳ ಮೇಲೆ ನಡೆದ ಅಧ್ಯಯನ ಪ್ರಕಟವಾಯಿತು. ತೊಳೆದು ಸ್ಟೀರಾಯ್ಡ್ ಕೊಟ್ಟವರು, ತೊಳೆದಂತೆ ನಟಿಸಿ ಸ್ಟೀರಾಯ್ಡ್ ಕೊಟ್ಟವರು, ತೊಳೆದಂತೆ ನಟಿಸಿ ಮರಗಟ್ಟಿಸುವ ಔಷಧ ಮಾತ್ರ ಕೊಟ್ಟವರು, ಹೀಗೆ ಮೂರು ಗುಂಪು. ನಾಲ್ಕು ತಿಂಗಳ ಹೊತ್ತಿಗೆ ಮೂವರ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸ ಉಳಿದಿರಲಿಲ್ಲ. ಸ್ಟೀರಾಯ್ಡ್ ಪಡೆದವರಿಗೆ ಮೊದಲ ಕೆಲವು ವಾರ ಆರಾಮ ಹೆಚ್ಚಿತ್ತು, ಅಷ್ಟೇ. ಆ ಅಧ್ಯಯನ ಮೂರು ತಿಂಗಳಿಗೂ ಹೆಚ್ಚು ಕಾಲದಿಂದ ನೋವಿದ್ದವರದು. ನಾಲ್ಕು ದಿನದ ತೀವ್ರ ನೋವಿಗೆ ಅದನ್ನು ಹಾಗೇ ಅನ್ವಯಿಸುವಂತಿಲ್ಲ. ಇದನ್ನೂ ಚರ್ಚೆಯಲ್ಲಿ ಹೇಳಿಕೊಂಡೆವು.

ಕೊನೆಗೆ ತಕ್ಕಡಿ ವಾಲಿದ್ದು ಬೇರೆ ಕಾರಣಕ್ಕೆ. ಒಂದು ತುದಿ ಆಗಲೇ ಬರ್ಸಾಕ್ಕೆ ಸೋರಿತ್ತು, ಅಂದರೆ ಒತ್ತಡಕ್ಕೆ ದಾರಿ ಸಿಕ್ಕಿತ್ತು. ಈಗ ಕೆಲವು ವಾರ ನೋವು ತಡೆಯುವಂತೆ ಮಾಡಿದರೆ ಸಾಕು, ಉಳಿದದ್ದನ್ನು ದೇಹ ಮುಗಿಸುತ್ತದೆ ಎಂದು ತೀರ್ಮಾನಿಸಿದೆವು. ಹತ್ತು ದಿನದಲ್ಲಿ ಇಳಿಯದಿದ್ದರೆ ಸೂಜಿಯ ದಾರಿ ಹಿಡಿಯುವುದೆಂದು ಅಂದೇ ಒಪ್ಪಿಕೊಂಡು ಬರೆದಿಟ್ಟೆವು. ನೋವಿನಲ್ಲಿರುವ ಮನುಷ್ಯನಿಗೆ “ಕಾದು ನೋಡೋಣ” ಎನ್ನುವುದು ಕ್ರೂರ ಮಾತು. ಎಷ್ಟು ದಿನ, ಆಮೇಲೆ ಏನು ಎಂದು ಹೇಳಿದರೆ ಅದೇ ಮಾತಿಗೆ ಬೇರೆ ತೂಕ ಬರುತ್ತದೆ.

ಮಾಡಿದ್ದು

ಮೂತ್ರಪಿಂಡದ ಪರೀಕ್ಷೆ ಸಹಜವಿದೆಯೆಂದು ಖಚಿತಪಡಿಸಿಕೊಂಡು ಉರಿಯೂತ ಇಳಿಸುವ ಮಾತ್ರೆಯನ್ನು ಸ್ವಲ್ಪ ದಿನಗಳ ಮಟ್ಟಿಗೆ ಕೊಟ್ಟೆವು. ಮರುದಿನ, ಸೋಂಕಿನ ಲಕ್ಷಣ ಯಾವುದೂ ಹೆಚ್ಚಿಲ್ಲವೆಂದು ಮತ್ತೊಮ್ಮೆ ನೋಡಿದ ಮೇಲೆ, ಅಲ್ಟ್ರಾಸೌಂಡ್ ನೆರವಿನಿಂದ ಬರ್ಸಾದೊಳಗೆ ಮರಗಟ್ಟಿಸುವ ಔಷಧದ ಜೊತೆ ಟ್ರಯಾಮ್ಸಿನೊಲೋನ್ ಎಂಬ ಸ್ಟೀರಾಯ್ಡ್ 40 ಮಿಲಿಗ್ರಾಂ ಕೊಟ್ಟೆವು. ಕೆಲವೇ ನಿಮಿಷಗಳಲ್ಲಿ ಅವರ ಮುಖ ಸಡಿಲವಾಯಿತು, ಕೈ ಎದೆಯ ಮಟ್ಟಕ್ಕೆ ಬಂತು. ಇದರಿಂದ ಆರಾಮವಷ್ಟೇ ಅಲ್ಲ, ಪುರಾವೆಯೂ ಸಿಕ್ಕಿತು: ನೋವಿನ ಮೂಲ ಬರ್ಸಾದಲ್ಲೇ ಇತ್ತು, ಕುತ್ತಿಗೆಯ ನರದಲ್ಲಿ ಅಲ್ಲ.

ಸ್ಟೀರಾಯ್ಡ್ ಕರಗುವಿಕೆಯನ್ನೇ ನಿಧಾನಗೊಳಿಸೀತು ಎಂಬ ವಾದ ಹಳೆಯದು. ಅದು ಸಾಬೀತಾಗಿಲ್ಲ. ಹಾಗಿದ್ದರೂ ಒಂದೇ ಇಂಜೆಕ್ಷನ್ ಎಂದು ಗೆರೆ ಹಾಕಿಕೊಂಡೆವು. ಸಕ್ಕರೆ ಏರುವುದು ಖಂಡಿತ ಎಂದು ಮುಂಚೆಯೇ ಹೇಳಿ, ಅವರ ಸಕ್ಕರೆ ಕಾಯಿಲೆಯ ವೈದ್ಯರಿಗೂ ತಿಳಿಸಿದ್ದೆವು. ಎರಡನೇ ದಿನ 280 ದಾಟಿತು, ಒಂದು ವಾರದೊಳಗೆ ಎಂದಿನ ಮಟ್ಟಕ್ಕೆ ಇಳಿಯಿತು. ಹೇಳಿರದಿದ್ದರೆ ಆ 280 ಇನ್ನೊಂದು ತುರ್ತು ಭೇಟಿಗೆ ಕಾರಣವಾಗುತ್ತಿತ್ತು.

ಹತ್ತನೇ ದಿನಕ್ಕೆ ರಾತ್ರಿ ನಿದ್ದೆ ಬರುತ್ತಿತ್ತು. ಸೂಜಿಯ ಮಾತು ಮತ್ತೆ ಏಳಲಿಲ್ಲ.

ಆ ಭೇಟಿಯಲ್ಲಿ ಇನ್ನೊಂದು ವಿಷಯ ಹೊರಬಿತ್ತು. ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಮಾತ್ರೆಗಳನ್ನು ಅವರೇ ನಿಲ್ಲಿಸಿಬಿಟ್ಟಿದ್ದರು. “ಭುಜದಲ್ಲಿ ಕ್ಯಾಲ್ಸಿಯಂ ಸೇರ್ಕೊಂಡಿರೋವಾಗ ಮೇಲಿಂದ ಇನ್ನೂ ತಿನ್ನೋದಾ ಡಾಕ್ಟ್ರೇ?” ಪ್ರಶ್ನೆ ಸಹಜವೇ. ಇದನ್ನು ಕೇಳದ ರೋಗಿಯೇ ಕಡಿಮೆ, ಕೇಳದೆ ನಿಲ್ಲಿಸುವವರು ಹೆಚ್ಚು. ಸ್ನಾಯುರಜ್ಜುವಿನಲ್ಲಿ ಆಗುವ ಶೇಖರಣೆಗೂ ತಿನ್ನುವ ಕ್ಯಾಲ್ಸಿಯಂಗೂ ಸಂಬಂಧವಿಲ್ಲ. ಇವರ ರಕ್ತದ ಕ್ಯಾಲ್ಸಿಯಂ ಸಹಜವಾಗಿತ್ತು, ಈ ಕಾಯಿಲೆಯಲ್ಲಿ ಸಾಮಾನ್ಯವಾಗಿ ಸಹಜವೇ ಇರುತ್ತದೆ. ಮಾತ್ರೆ ಮುಂದುವರಿಸಿದರು. ಸಕ್ಕರೆ ಕಾಯಿಲೆ, ಥೈರಾಯ್ಡ್ ತೊಂದರೆ ಇರುವವರಲ್ಲಿ ಇದು ಹೆಚ್ಚು ಕಾಣುತ್ತದಾದ್ದರಿಂದ ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದೆವು, ಅದೂ ಸಹಜವಿತ್ತು.

ನೋವು ಹೋಯಿತು, ಭುಜ ಬರಲಿಲ್ಲ

ಏಳನೇ ವಾರದ ಎಕ್ಸ್‌ರೇಯಲ್ಲಿ ಶೇಖರಣೆ ಬಹುಪಾಲು ಮಾಯವಾಗಿತ್ತು. ಹೊಗೆಯಂಥ ಸಣ್ಣ ಗುರುತು ಉಳಿದಿತ್ತು. ಕಾಗದದ ಮೇಲೆ ಪ್ರಕರಣ ಮುಗಿದಂತೆಯೇ. ಗಂಡ ಫಿಲ್ಮ್ ನೋಡಿ ಕೈಮುಗಿದರು.

ಕೈ ಮಾತ್ರ ಭುಜದ ಮಟ್ಟಕ್ಕಿಂತ ಮೇಲೇಳುತ್ತಿರಲಿಲ್ಲ. ಮೊದಲ ದಿನ ಅಷ್ಟು ನೋವಿನಲ್ಲೂ ಹೊರಕ್ಕೆ ತಿರುಗಿದ್ದ ಮುಂಗೈ ಈಗ ಇಪ್ಪತ್ತು ಡಿಗ್ರಿಗೆ ನಿಂತುಬಿಟ್ಟಿತು. ಬಲಗಡೆ ಅದು ಎಪ್ಪತ್ತು ಇತ್ತು. ನಾವು ತಿರುಗಿಸಿದರೂ ಅಷ್ಟೇ, ಅವರು ತಿರುಗಿಸಿದರೂ ಅಷ್ಟೇ. ಕೀಲಿನ ಸುತ್ತಲಿನ ಪೊರೆ ಬಿಗಿದು ಭುಜ ತಿರುಗದಂತಾಗುವ ಫ್ರೋಜನ್ ಶೋಲ್ಡರ್ ಶುರುವಾಗಿತ್ತು.

ವಿಚಾರಿಸಿದಾಗ ಗೊತ್ತಾಯಿತು, ಸ್ಲಿಂಗ್ ಇನ್ನೂ ಅವರ ಜೊತೆಗಿತ್ತು. ನೋವು ಇಳಿದ ಮೇಲೆ ತೆಗೆದಿಡಿ ಎಂದಿದ್ದರೂ, ಪ್ರಯಾಣಕ್ಕೆ, ಕಚೇರಿಗೆ, ರಾತ್ರಿ ಮಲಗುವಾಗ ಹಾಕಿಕೊಳ್ಳುತ್ತಿದ್ದರು. “ಮತ್ತೆ ಆ ರಾತ್ರಿ ಥರ ಬಂದ್ಬಿಟ್ರೆ ಅನ್ನೋ ಭಯ” ಎಂದರು. ಫಿಸಿಯೋಥೆರಪಿಗೆ ಎರಡೇ ಸಲ ಹೋಗಿ ಬಿಟ್ಟಿದ್ದರು. ಸಕ್ಕರೆ ಕಾಯಿಲೆ ಇರುವವರ ಭುಜ ಮೊದಲೇ ಬಿಗಿಯುವ ಸ್ವಭಾವದ್ದು. ಅದರ ಮೇಲೆ ಉರಿಯೂತ, ಅದರ ಮೇಲೆ ಹೆದರಿ ಅಲುಗಾಡಿಸದಿದ್ದದ್ದು. ಇದರಲ್ಲಿ ಸ್ಲಿಂಗಿನ ಪಾಲೆಷ್ಟು ಎಂದು ಅಳೆದು ಹೇಳಲಾಗದು. ಸ್ಲಿಂಗ್ ಇಲ್ಲದೆಯೂ ಇದು ಬರುತ್ತಿತ್ತೇನೋ.

ಪ್ರಕರಣದ ಎರಡನೇ ತಿರುವು ಇದು, ನಮ್ಮ ಪ್ರಕಾರ ಮೊದಲನೆಯದಕ್ಕಿಂತ ದೊಡ್ಡದು. ಎಕ್ಸ್‌ರೇಯನ್ನು ಮಾತ್ರ ಹಿಂಬಾಲಿಸಿದ್ದರೆ ಅವರನ್ನು ವಾಸಿಯಾದವರ ಪಟ್ಟಿಗೆ ಸೇರಿಸಿ ಕಳಿಸಿಬಿಡಬಹುದಿತ್ತು. ಕ್ಯಾಲ್ಸಿಯಂ ಕರಗಿತೇ ಎಂಬುದೊಂದು ಪ್ರಶ್ನೆ, ಭುಜ ತಿರುಗುತ್ತದೆಯೇ ಎಂಬುದು ಬೇರೆಯೇ ಪ್ರಶ್ನೆ. ಇದಾದ ಮೇಲೆ ನಮ್ಮಲ್ಲಿ ಈ ಕಾಯಿಲೆಯ ಪ್ರತಿ ಭೇಟಿಯಲ್ಲೂ ಹೊರ ತಿರುವಿನ ಡಿಗ್ರಿಯನ್ನು ಅಳೆದು ಬರೆಯುತ್ತೇವೆ. ಒಂದು ನಿಮಿಷದ ಕೆಲಸ.

ಬಿಗಿತ ಶುರುವಿನಲ್ಲೇ ಸಿಕ್ಕಿದ್ದರಿಂದ ಈ ಬಾರಿ ಕೀಲಿನೊಳಗೇ ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಕೊಟ್ಟೆವು. ಒಂದೇ ಎಂದು ಹಾಕಿದ್ದ ಗೆರೆ ದಾಟಿದ್ದು ನಿಜ. ಆದರೆ ಕಾಯಿಲೆಯೂ ಜಾಗವೂ ಬೇರೆಯಾಗಿದ್ದವು. ಫ್ರೋಜನ್ ಶೋಲ್ಡರಿನ ಮೊದಲ, ನೋವಿನ ಹಂತದಲ್ಲಿ ಅದು ಉಪಯುಕ್ತ, ಬಿಗಿತ ಹಳೆಯದಾದಷ್ಟೂ ಪ್ರಯೋಜನ ಕಡಿಮೆ. ಸಕ್ಕರೆಯ ಮಾತ್ರೆಯನ್ನು ಆ ವಾರಕ್ಕೆ ಅವರ ವೈದ್ಯರು ಹೊಂದಿಸಿದರು. ವ್ಯಾಯಾಮವನ್ನು ಒಂದು ಸಲಕ್ಕೆ ಕಡಿಮೆ, ಆದರೆ ದಿನಕ್ಕೆ ಹೆಚ್ಚು ಸಲ ಮಾಡಿಸಿದೆವು: ಮಲಗಿಕೊಂಡು ಇನ್ನೊಂದು ಕೈಯ ನೆರವಿನಿಂದ ಎತ್ತುವುದು, ಕೋಲು ಹಿಡಿದು ಹೊರಕ್ಕೆ ತಳ್ಳುವುದು, ಬಾಗಿ ನಿಂತು ಕೈ ತೂಗಾಡಿಸುವುದು. ನೋವಿನ ಗಡಿಯವರೆಗೆ ಹೋಗಿ ಅಲ್ಲಿ ನಿಲ್ಲುವುದು, ದಾಟುವುದಲ್ಲ. ಹಲ್ಲುಕಚ್ಚಿ ಎಳೆಸುವ ಫಿಸಿಯೋಥೆರಪಿಗೆ ಈ ಹಂತದಲ್ಲಿ ಜಾಗವಿಲ್ಲ. ಸ್ಲಿಂಗನ್ನು ನಮ್ಮಲ್ಲೇ ಬಿಟ್ಟು ಹೋಗುವಂತೆ ಹೇಳಿದೆವು.

ಚೇತರಿಕೆ ನಿಧಾನವಾಗಿತ್ತು. ನಾಲ್ಕನೇ ತಿಂಗಳಲ್ಲಿ ಹೊರ ತಿರುವು ಮೂವತ್ತೈದು ಡಿಗ್ರಿ, ಬೇಸತ್ತು ಹೋಗಿದ್ದರು. ಒಂಬತ್ತನೇ ತಿಂಗಳಿಗೆ ಅರವತ್ತು. ಕೈ ತಲೆಯ ಮೇಲೆ ಹೋಗುತ್ತಿತ್ತು, ಬೆನ್ನ ಹಿಂದೆ ಮಾತ್ರ ಇನ್ನೂ ಪೂರ್ತಿ ತಲುಪುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಏನೂ ಉಳಿದಿರಲಿಲ್ಲ.

ಬಲ ಭುಜ

ಎದೆಯ ಎಕ್ಸ್‌ರೇಯಲ್ಲಿ ಕಂಡ ಬಲ ಭುಜದ ತುಣುಕು ಹಾಗೇ ಇದೆ. ಹದಿಮೂರು ಮಿಲಿಮೀಟರ್, ಗಟ್ಟಿ ಅಂಚು, ನೋವಿಲ್ಲ. ಎಡಗಡೆಯ ಅನುಭವದ ನಂತರ ಅದನ್ನು ಮೊದಲೇ ತೆಗೆಸಿಬಿಡಬೇಕೆಂಬ ಆಸೆ ಅವರಿಗೆ ಬಂದದ್ದು ಸಹಜ. ಗಂಡನಿಗಂತೂ ಆತುರವೇ ಆಗಿತ್ತು. ನಾವು ಒಪ್ಪಲಿಲ್ಲ. ನೋವಿಲ್ಲದ ಶೇಖರಣೆಗೆ ಚಿಕಿತ್ಸೆಯಿಲ್ಲ. ಅದು ವರ್ಷಗಟ್ಟಲೆ ಸುಮ್ಮನಿರಬಹುದು, ಗೊತ್ತೇ ಆಗದಂತೆ ಕರಗಿಯೂ ಹೋಗಬಹುದು. ಗಟ್ಟಿಯಾಗಿರುವಾಗ ಸೂಜಿಗೆ ಸುಲಭವಾಗಿ ಬರುವುದೂ ಇಲ್ಲ. ತಿಂಗಳುಗಟ್ಟಲೆ ಬಿಡದ ನೋವು ಶುರುವಾದರೆ ಮೊದಲು ಮಾತ್ರೆ, ವ್ಯಾಯಾಮ. ಅದಕ್ಕೆ ಬಗ್ಗದಿದ್ದರೆ ಶಾಕ್‌ವೇವ್ ಯೋಚಿಸಬಹುದು.

ಅವರ ಕಡತದ ಮೇಲಿನ ಹಾಳೆಯಲ್ಲಿ ಈಗ ಎರಡೂ ಭುಜಗಳ ಎಕ್ಸ್‌ರೇ ಅಂಟಿಸಿದೆ, ಕೆಳಗೆ ನಾಲ್ಕು ಸಾಲು ಬರೆದಿದೆ. ಬಲ ಭುಜ ಏಕಾಏಕಿ ನೋಯತೊಡಗಿದರೆ ಮೊದಲು ಸಾದಾ ಎಕ್ಸ್‌ರೇ, ಇದರ ಜೊತೆ ಹೋಲಿಕೆ. ಜೋರು ಜ್ವರ, ಚಳಿ, ಚರ್ಮ ಕೆಂಪಾಗುವುದು ಕಂಡರೆ ಅದೇ ದಿನ ಆಸ್ಪತ್ರೆಗೆ. ಸ್ಟೀರಾಯ್ಡ್ ಕೊಡುವವರಿಗೆ ಸಕ್ಕರೆ ಕಾಯಿಲೆಯ ವಿಷಯ ಹೇಳಬೇಕು. ಸ್ಲಿಂಗ್ ಹಾಕಿದರೆ ತೆಗೆಯುವ ದಿನಾಂಕವನ್ನೂ ಅಂದೇ ಬರೆಸಿಕೊಳ್ಳಬೇಕು. ನಾಲ್ಕನೆಯದನ್ನು ಸೇರಿಸಲು ಹೇಳಿದ್ದು ಅವರೇ.